ನಲವತ್ತೆರಡರಲ್ಲಿ ಲಸಿಕೆ

ನಂಗಲಿ
9 ಫೆಬ್ರವರಿ 2025

ವದಿನಮ್ಮನವರಿಗೆ,

ಫೋನು ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡಿ. ನಾನೂ ಮೇಘನಾಳೂ ಚೆನ್ನಾಗಿದ್ದೇವೆ. ಹೋಟೆಲಿನಲ್ಲಿ ನನ್ನ ಫೋನು ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದಿರುತ್ತದೆ. ಕೈಯೆಲ್ಲ ಹಿಟ್ಟು, ಹಾಗಾಗಿ ಸ್ಪೀಕರಿನಲ್ಲೇ ಮಾತು. ನಾನು ಕೇಳಬೇಕಾಗಿರುವುದು ಲಾರಿ ಡ್ರೈವರುಗಳು ಇಡ್ಲಿ ತಿನ್ನುತ್ತಾ ಕೇಳಿಸಿಕೊಳ್ಳುವಂಥದ್ದಲ್ಲ.

ಹೋದ ವಾರ ಕೋಲಾರದಲ್ಲಿ ಮೇಘನಾಳ ಕಾಲೇಜಿನವರು ತಾಯಂದಿರನ್ನೆಲ್ಲ ಕರೆದಿದ್ದರು. ಒಬ್ಬ ಡಾಕ್ಟರಮ್ಮ ಬಂದು ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರಿನ ವಿಷಯ ಹೇಳಿದರು. ಅದು ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುತ್ತದಂತೆ. ಹೆಣ್ಣುಮಕ್ಕಳಿಗೆ ಮದುವೆಗೆ ಬಹಳ ಮುಂಚೆಯೇ ಲಸಿಕೆ ಹಾಕಿಸಿಬಿಟ್ಟರೆ ಬಹುಮಟ್ಟಿಗೆ ತಡೆಯಬಹುದಂತೆ. ಎಲ್ಲರೂ ತಲೆಯಾಡಿಸುತ್ತಾ ಕೂತಿದ್ದರು. ನಾನು ಎದ್ದು ನಿಂತು, “ಮೇಡಂ, ನಮ್ಮಂಥೋರು ಹಾಕಿಸ್ಕೋಬೋದಾ? ನಂಗೆ ನಲವತ್ತೆರಡು” ಎಂದು ಕೇಳಿಬಿಟ್ಟೆ.

ಇಡೀ ಸಭೆಯೇ ನಕ್ಕಿತು. ಹಿಂದೆ ಕೂತಿದ್ದ ಹೆಂಗಸೊಬ್ಬಳು, “ಏಮಮ್ಮಾ, ನೀಕು ಮಳ್ಳಾ ಪೆಳ್ಳಾ?” ಎಂದಳು. ನಿನಗೆ ಮತ್ತೆ ಮದುವೆಯಾ ಎಂದು! ನಾನೂ ನಕ್ಕು ಕೂತುಕೊಂಡೆ. ಡಾಕ್ಟರಮ್ಮ ಮಾತ್ರ ನಗಲಿಲ್ಲ. “ಕೇಳಿದ್ದು ಸರಿಯಾಗಿದೆಯಮ್ಮ. ಆದ್ರೆ ನಿಮ್ಮ ವಯಸ್ಸಿನೋರಿಗೆಲ್ಲ ಒಂದೇ ಉತ್ತರ ಇಲ್ಲ. ಆಸ್ಪತ್ರೆಗೆ ಬನ್ನಿ, ಮಾತಾಡೋಣ” ಎಂದರು.

ನೀವು ನನಗೆ ಬರೀ ಗಂಡನ ಅಕ್ಕನಲ್ಲ, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವರೂ ಹೌದು. ನಿಮ್ಮ ತಮ್ಮ ತೀರಿಕೊಂಡ ಮೇಲೆ ನಾನು ನಿಮ್ಮನ್ನು ಕೇಳದೆ ಏನನ್ನೂ ಮಾಡಿದವಳಲ್ಲ. ಅವರು ಓಡಿಸುತ್ತಿದ್ದ ಲಾರಿ ಮಾರಿ ಹೋಟೆಲು ಹಾಕು ಎಂದವರೂ ನೀವೇ. ಇದನ್ನೂ ಹೇಳಿ. ನಾನು ಹಾಕಿಸಿಕೊಳ್ಳಲೋ ಬೇಡವೋ?

ಗಂಗಾಲಕ್ಷ್ಮಿ

•

ಶ್ರೀನಿವಾಸಪುರ
17 ಫೆಬ್ರವರಿ 2025

ಪ್ರೀತಿಯ ಗಂಗಾ,

ನಿನ್ನ ಕಾಗದ ಓದಿ ಮೊದಲು ನಗು ಬಂತು. ಆಮೇಲೆ ಯೋಚನೆಗೆ ಬಿದ್ದೆ.

ಮೇಘನಾಳಿಗೆ ಹಾಕಿಸು, ಒಂದು ದಿನವೂ ತಡ ಮಾಡಬೇಡ. ಅವಳಿಗೆ ಹದಿನೇಳು. ಇನ್ನೂ ಬೇಗ ಹಾಕಿಸಿದ್ದರೆ ಚೆನ್ನಾಗಿತ್ತು, ಈಗಲೂ ಹೊತ್ತು ಮೀರಿಲ್ಲ. ನನ್ನ ಕ್ಲಾಸಿನ ಹುಡುಗಿಯರ ಅಮ್ಮಂದಿರಿಗೂ ನಾನು ಇದನ್ನೇ ಹೇಳುವುದು.

ನಿನಗೆ ಯಾಕೆ ಹೇಳು? ಬಿಡಿಸಿ ಬರೆಯುತ್ತೇನೆ, ನಾಚಿಕೊಳ್ಳಬೇಡ. ಈ ವೈರಸ್ಸು ಗಂಡು ಹೆಣ್ಣಿನ ಸಂಬಂಧದಿಂದ ದಾಟುವಂಥದ್ದು. ಸಂಸಾರ ಮಾಡಿದ ಹೆಚ್ಚಿನವರಿಗೆ ಯಾವಾಗಲೋ ಬಂದು, ತಾನಾಗಿಯೇ ಹೋಗಿರುತ್ತದೆ. ಬಂದು ಹೋಗಿದ್ದಕ್ಕೆ, ಬಂದು ಕೂತಿದ್ದಕ್ಕೆ ಲಸಿಕೆ ಮದ್ದಲ್ಲ. ನೀನು ಒಂಬತ್ತು ವರ್ಷದಿಂದ ಒಂಟಿ. ಹೊಸದಾಗಿ ಬರುವ ದಾರಿಯೇ ಇಲ್ಲ. ಈ ವಯಸ್ಸಿನಲ್ಲಿ ನಮಗೆಲ್ಲ ಇದು ಬೇಕಿಲ್ಲ. ಸುಮ್ಮನಿರು.

ಒಂದು ಮಾತು ಕೇಳಲೇಬೇಕು. ಈ ಪ್ರಶ್ನೆ ನಿನ್ನ ತಲೆಗೆ ಎಲ್ಲಿಂದ ಬಂತು? ಅಮರನಾಥ ಲಾರಿ ಓಡಿಸುತ್ತಿದ್ದ, ವಾರಗಟ್ಟಲೆ ಊರು ಬಿಟ್ಟಿರುತ್ತಿದ್ದ ಎಂದು ಈಗ ಯಾರಾದರೂ ನಿನ್ನ ಕಿವಿ ಊದಿದರೇನು? ನಿಮ್ಮ ಹೋಟೆಲಿಗೆ ಬರುವ ಡ್ರೈವರುಗಳ ಬಾಯಿ ನನಗೂ ಗೊತ್ತು. ಸತ್ತವನು ಬಂದು ಉತ್ತರ ಕೊಡಲಾರ. ನನ್ನ ತಮ್ಮನ ಮೇಲೆ ನೀನು ಅನುಮಾನ ಪಟ್ಟಿದ್ದರೆ ಅದನ್ನು ನನಗೆ ನೇರವಾಗಿ ಬರಿ. ಲಸಿಕೆಯ ಹೆಸರಿನಲ್ಲಿ ಸುತ್ತಿ ಬಳಸಿ ಬೇಡ.

ಶೋಭಾರಾಣಿ

•

ನಂಗಲಿ
26 ಫೆಬ್ರವರಿ 2025

ವದಿನ,

ನಿಮ್ಮ ತಮ್ಮನ ಮೇಲೆ ನನಗೆ ಅವರು ಬದುಕಿದ್ದಾಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಚಿತ್ತೂರಿನಿಂದ ಬರುವಾಗ ಎದೆನೋವೆಂದು ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ, ಇಂಡಿಕೇಟರು ಹಾಕಿ, ಆಮೇಲೆ ಪ್ರಾಣ ಬಿಟ್ಟ ಮನುಷ್ಯ. ಅವರ ಹೆಸರಿಗೆ ನಾನು ಮಸಿ ಬಳಿಯುತ್ತೇನೆಯೇ?

ಕೇಳಿದ್ದಕ್ಕೆ ಕಾರಣ ಬೇರೆ. ಬರೆಯಲು ಕೂತರೆ ಕೈ ಓಡುತ್ತಿಲ್ಲ. ಸ್ವಲ್ಪ ದಿನ ಬಿಡಿ.

ಗಂಗಾಲಕ್ಷ್ಮಿ

•

ಶ್ರೀನಿವಾಸಪುರ
10 ಮಾರ್ಚ್ 2025

ಗಂಗಾ,

ನಾನು ದುಡುಕಿ ಬರೆದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಆದರೆ ‘ಕಾರಣ ಬೇರೆ’ ಎಂದು ಬರೆದಿದ್ದೀಯಲ್ಲ, ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಮೈಯಲ್ಲಿ ಏನಾದರೂ ತೊಂದರೆಯೇ? ಹೊಟ್ಟೆ ನೋವೇ? ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋಗುತ್ತಿದೆಯೇ? ಹಾಗಿದ್ದರೆ ಲಸಿಕೆಯ ಮಾತು ಬಿಟ್ಟು ಮೊದಲು ಪರೀಕ್ಷೆ ಮಾಡಿಸಿಕೋ. ಹೆಂಗಸರು ಇದನ್ನೆಲ್ಲ ಒಳಗೇ ಇಟ್ಟುಕೊಂಡು ಕೊನೆಗೆ ಬಾಯಿ ಬಿಡುತ್ತಾರೆ. ನೀನು ಹಾಗೆ ಮಾಡಬೇಡ. ಕೋಲಾರಕ್ಕೆ ಹೋಗು, ಆ ಡಾಕ್ಟರನ್ನೇ ನೋಡು. ಹೋಟೆಲು ಒಂದು ದಿನ ಮುಚ್ಚಿದರೆ ಹೈವೇ ನಿಂತುಹೋಗುವುದಿಲ್ಲ.

ಇಲ್ಲಿ ಮಾವಿನ ತೋಟದಲ್ಲಿ ಹೂವು ಚೆನ್ನಾಗಿ ಕಚ್ಚಿದೆ. ನಮ್ಮ ಯಜಮಾನರಿಗೆ, ಅದೇ ನಿಮ್ಮ ಅಣ್ಣಯ್ಯನಿಗೆ, ಈಗಲೇ ಮಂಡಿ ವ್ಯಾಪಾರದ ಚಿಂತೆ ಶುರುವಾಗಿದೆ.

ಶೋಭಾರಾಣಿ

•

ನಂಗಲಿ
20 ಏಪ್ರಿಲ್ 2025

ವದಿನಮ್ಮನವರಿಗೆ,

ನನಗೆ ಯಾವ ಕಾಯಿಲೆಯೂ ಇಲ್ಲ. ನಾನು ಮದುವೆಯಾಗಬೇಕೆಂದಿದ್ದೇನೆ.

ಬರೆದುಬಿಟ್ಟೆ. ಇನ್ನು ಮುಂದಿನದು ಸುಲಭ.

ನಮ್ಮ ಹೋಟೆಲಿನ ಎದುರಿಗೆ ಲಾರಿ ತೂಕ ಹಾಕುವ ವೇ ಬ್ರಿಡ್ಜು ಇದೆಯಲ್ಲ, ಅದನ್ನು ನಡೆಸುವ ಚಂದ್ರಮೋಹನ್ ಅವರನ್ನು ನೀವು ನೋಡಿರಬಹುದು. ನಲವತ್ತೇಳು ವರ್ಷ. ಮಕ್ಕಳಿಲ್ಲ. ಅವರ ಹೆಂಡತಿ ಮುನಿಲಕ್ಷ್ಮಿ ಆರು ವರ್ಷದ ಹಿಂದೆ ತೀರಿಕೊಂಡರು. ಅವರಿಗೆ ಬಂದಿದ್ದು ಇದೇ ಗರ್ಭಕೋಶದ ಬಾಯಿಯ ಕ್ಯಾನ್ಸರು. ಕಾಯಿಲೆಯಲ್ಲಿ ಅವರನ್ನು ಎತ್ತಿ ಇಳಿಸಿ ನೋಡಿಕೊಂಡಿದ್ದು ಚಂದ್ರಮೋಹನ್ ಒಬ್ಬರೇ. ಅದನ್ನು ಎದುರಿನಿಂದ ನಾನೇ ಕಂಡಿದ್ದೇನೆ.

ಜನವರಿಯಲ್ಲಿ ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಬಂದು, ಟೀ ಬೇಡ ಎಂದು ಕೂತರು. “ಗಂಗಾಲಕ್ಷ್ಮಮ್ಮೋರೇ, ನಿಮ್ಮನ್ನ ಒಂದು ಮಾತು ಕೇಳ್ಬೇಕು. ಕೇಳೋಕೆ ಮುಂಚೆ ಇನ್ನೊಂದು ಹೇಳ್ಬೇಕು. ನನ್ನ ಹೆಂಡ್ತಿ ಹೋಗಿದ್ದು ಯಾವ ಕಾಯಿಲೇಲಿ ಅಂತ ನಿಮಗೆ ಗೊತ್ತು. ಅದರ ವೈರಸ್ಸು ಗಂಡಸರ ಮೈಯಲ್ಲೂ ಇರ್ಬೋದಂತೆ. ನನ್ನಲ್ಲಿ ಇದೆಯೋ ಇಲ್ವೋ ನೋಡಿ ಅಂತ ಡಾಕ್ಟ್ರನ್ನ ಕೇಳ್ದೆ. ಗಂಡಸರಿಗೆ ಅಂಥ ಪರೀಕ್ಷೆನೇ ಇಲ್ಲ ಅಂದ್ರು. ಇದನ್ನ ಮುಚ್ಚಿಟ್ಟು ನಿಮ್ಮನ್ನ ಕೇಳೋಕೆ ನಂಗೆ ಮನಸ್ಸು ಬರಲ್ಲ.”

ಹೆಣ್ಣು ಕೇಳಲು ಬಂದವರು ಯಾರಾದರೂ ಹೀಗೆ ಶುರು ಮಾಡುತ್ತಾರೆಯೇ ವದಿನ? ನನಗೆ ಅಳುವೂ ಬಂತು, ನಗುವೂ ಬಂತು. “ಹಂಗಾದ್ರೆ ಯಾವ ಡಾಕ್ಟ್ರನ್ನ ಕೇಳ್ಬೇಕು?” ಎಂದೆ. ಅಷ್ಟೇ ನಾನು ಹೇಳಿದ್ದು.

ನೀವು ಹೇಳಿದ ಹಾಗೆ ಕೋಲಾರಕ್ಕೆ ಹೋದೆ. ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಬಿಡಿಸಿ ಹೇಳಿದರು: “ಲಸಿಕೆ ಹೊಸದಾಗಿ ಬರೋದನ್ನ ತಡೆಯುತ್ತೆ. ಬಂದು ಕೂತಿರೋದನ್ನ ಓಡ್ಸಲ್ಲ. ನಿಮ್ಮ ವಯಸ್ಸಿಗೆ ಕೊಡ್ಬೋದು, ನಲವತ್ತೈದರ ತನಕ ಕೊಡ್ತೀವಿ. ಆದ್ರೆ ನಿಮ್ಮ ಮಗಳಿಗೆ ಸಿಗೋ ಅಷ್ಟು ಪ್ರಯೋಜನ ನಿಮಗೆ ಸಿಗಲ್ಲ. ಹೊಸ ಸಂಸಾರ ಮಾಡ್ತೀನಿ ಅಂತೀರಿ, ಹಂಗಾಗಿ ನಿಮ್ಮ ವಿಷಯದಲ್ಲಿ ಅದಕ್ಕೊಂದು ಅರ್ಥ ಇದೆ. ತೀರ್ಮಾನ ನಿಮ್ದು. ಒಂದು ಮಾತ್ರ ನೆನಪಿಟ್ಕೊಳ್ಳಿ, ಲಸಿಕೆ ಹಾಕಿಸ್ಕೊಂಡ್ರೂ ಪರೀಕ್ಷೆ ತಪ್ಪಿಸೋ ಹಂಗಿಲ್ಲ.” ಅವತ್ತೇ ಪರೀಕ್ಷೆ ಮಾಡಿದರು. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ನಾನು ಅಷ್ಟೊಂದು ಹೆದರಿದ್ದು ದಂಡ. ಫಲಿತಾಂಶ ಇನ್ನೂ ಬರಬೇಕು.

ಮೇಘನಾಳಿಗೂ ಹೇಳಿದ್ದೇನೆ. ಅವಳು, “ಅಮ್ಮಾ, ನಾನು ಹಾಸ್ಟೆಲ್ಲಿಗೆ ಬಂದ್ಮೇಲೆ ನೀನು ಸಾಯಂಕಾಲ ನಿಂತ್ಕೊಂಡೇ ಉಣ್ತೀಯ ಅಂತ ನಂಗೊತ್ತು. ಇನ್ಮೇಲೆ ಕೂತ್ಕೊಂಡು ಉಣ್ಣು” ಎಂದಳು.

ಉಳಿದಿರುವುದು ನೀವೊಬ್ಬರೇ. ಬೈಯಬೇಕು ಅನ್ನಿಸಿದರೆ ಬೈದು ಬರೆಯಿರಿ. ಸುಮ್ಮನಿರಬೇಡಿ.

ಗಂಗಾಲಕ್ಷ್ಮಿ

•

ನಂಗಲಿ
29 ಜೂನ್ 2025

ವದಿನ,

ಎರಡು ತಿಂಗಳು ದಾಟಿತು. ಸುಮ್ಮನಿರಬೇಡಿ ಎಂದು ಬೇಡಿಕೊಂಡಿದ್ದೆ, ನೀವು ಸುಮ್ಮನೇ ಇದ್ದುಬಿಟ್ಟಿರಿ.

ಫೋನು ಮಾಡಿದಾಗಲೆಲ್ಲ ಅಣ್ಣಯ್ಯ ಎತ್ತಿಕೊಂಡು, “ಅವಳು ಕೋಲಾರಕ್ಕೆ ಹೋಗವ್ಳಮ್ಮ” ಎನ್ನುತ್ತಾರೆ. ಬೇಸಿಗೆ ರಜದಲ್ಲಿ, ಅದೂ ಮಾವಿನ ಸುಗ್ಗಿಯಲ್ಲಿ, ನಿಮಗೆ ಕೋಲಾರದಲ್ಲಿ ಅಷ್ಟೊಂದು ಏನು ಕೆಲಸ? ನನ್ನ ಜೊತೆ ಮಾತು ಬೇಡವೆಂದರೆ ಬೇಡವೆನ್ನಬಹುದಿತ್ತು. ಅಣ್ಣಯ್ಯನ ಬಾಯಲ್ಲಿ ಸುಳ್ಳು ಹೇಳಿಸಬೇಕಾಗಿರಲಿಲ್ಲ. ಪ್ರತಿ ವರ್ಷ ಬರುತ್ತಿದ್ದ ಬಾದಾಮಿ ಮಾವಿನ ಹಣ್ಣಿನ ಬುಟ್ಟಿಯೂ ಈ ಸಲ ಬರಲಿಲ್ಲ. ಮೇಘನಾ ಕೇಳಿದಳು. ಏನು ಹೇಳಲಿ?

ನನ್ನ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂತು. ಮೇ ತಿಂಗಳಲ್ಲಿ ನಾನೂ ಮೇಘನಾಳೂ ಒಟ್ಟಿಗೇ ಹೋಗಿ ಮೊದಲನೇ ಲಸಿಕೆ ಹಾಕಿಸಿಕೊಂಡೆವು. ನರ್ಸು, “ಯಾರಿಗಮ್ಮ, ಮಗಳಿಗಾ?” ಎಂದಳು. “ಇಬ್ಬರಿಗೂ” ಎಂದೆ. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೂ ನಾನು ಕೂತುಕೊಳ್ಳುತ್ತಿರಲಿಲ್ಲ.

ಇದರಿಂದ ನನಗೆ ಎಷ್ಟು ರಕ್ಷಣೆ ಸಿಗುತ್ತದೋ ಗೊತ್ತಿಲ್ಲ. ಪೂರ್ತಿ ಸಿಗುವುದಿಲ್ಲವೆಂದು ತಿಳಿದೇ ಹಾಕಿಸಿಕೊಂಡೆ. ಮುನಿಲಕ್ಷ್ಮಿಯವರು ಸವೆದುಹೋಗಿದ್ದನ್ನು ನೋಡಿದವಳು ನಾನು. ಕೈಗೆ ಸಿಗುವಷ್ಟನ್ನಾದರೂ ಯಾಕೆ ಬಿಡಲಿ?

ಮದುವೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಆಶೀರ್ವಾದ ಬೇಕು, ಬಹಳ ಬೇಕು. ಸಿಗದಿದ್ದರೂ ನಾನು ಹಿಂದೆ ಸರಿಯುವುದಿಲ್ಲ. ಮೂರನೇ ಲಸಿಕೆ ಮುಗಿದ ಮೇಲೆ, ನವೆಂಬರಿನಲ್ಲಿ, ಮುಳಬಾಗಿಲಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕುತ್ತೇವೆ.

ಕೊನೆಯದಾಗಿ ಒಂದು ಮಾತು. ನೀವು ಎಂದಾದರೂ ಈ ಪರೀಕ್ಷೆ ಮಾಡಿಸಿಕೊಂಡಿದ್ದೀರಾ? ಕೋಪವನ್ನು ಒಂದು ಕಡೆ ಇಟ್ಟು ಇದಕ್ಕೊಂದು ಉತ್ತರ ಬರೆಯಿರಿ.

ಗಂಗಾಲಕ್ಷ್ಮಿ

•

ಶ್ರೀನಿವಾಸಪುರ
3 ಆಗಸ್ಟ್ 2025

ಗಂಗಾ,

ನಿಮ್ಮ ಅಣ್ಣಯ್ಯ ಸುಳ್ಳು ಹೇಳಲಿಲ್ಲ ಕಣೇ. ನಾನು ನಿಜವಾಗಿಯೂ ಕೋಲಾರದಲ್ಲೇ ಇದ್ದೆ. ನಿನ್ನ ಅದೇ ಡಾಕ್ಟರಮ್ಮನ ಬಾಗಿಲಿನಲ್ಲಿ.

ನನಗೆ ಮುಟ್ಟು ನಿಂತು ಮೂರು ವರ್ಷವಾಗಿತ್ತು. ಹೋದ ದೀಪಾವಳಿಯ ಹೊತ್ತಿಗೆ ಮತ್ತೆ ಕಲೆ ಕಾಣಿಸಿಕೊಂಡಿತು. ಸ್ವಲ್ಪವೇ. ಒಂದು ತಿಂಗಳು ಇದ್ದು ಇನ್ನೊಂದು ತಿಂಗಳು ಇರುತ್ತಿರಲಿಲ್ಲ. ಇಲ್ಲದ ತಿಂಗಳಲ್ಲಿ ವಾಸಿಯಾಯಿತೆಂದುಕೊಳ್ಳುತ್ತಿದ್ದೆ. ಯಾರಿಗೂ ಹೇಳಲಿಲ್ಲ. ರಕ್ತ ಹೋಗುತ್ತಿದೆಯೇ ಎಂದು ಮಾರ್ಚಿನಲ್ಲಿ ನಿನ್ನನ್ನು ಕೇಳಿದೆನಲ್ಲ, ಅದು ನನ್ನನ್ನು ನಾನೇ ಕೇಳಿಕೊಂಡಿದ್ದು.

ನಿನ್ನ ಏಪ್ರಿಲ್ ಕಾಗದ ಬಂದಾಗ ಕೋಪ ಬಂದಿದ್ದು ನಿಜ. ನನ್ನ ತಮ್ಮನ ಜಾಗಕ್ಕೆ ಇನ್ನೊಬ್ಬನೇ ಎಂದು ಅತ್ತೆ. ಆದರೆ ಅಳು ನಿಂತ ಮೇಲೆ ತಲೆಯಲ್ಲಿ ಉಳಿದಿದ್ದು ಮದುವೆಯ ಮಾತಲ್ಲ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು ಎಂದು ಬರೆದಿದ್ದೆಯಲ್ಲ, ಆ ಮಾತು. ಮರುದಿನ ಬೆಳಿಗ್ಗೆ ಒಬ್ಬಳೇ ಕೋಲಾರದ ಬಸ್ಸು ಹತ್ತಿದೆ.

ಪರೀಕ್ಷೆಯಲ್ಲಿ ವೈರಸ್ಸು ಇದೆಯೆಂದು ಬಂತು. ಮತ್ತೆ ಕರೆಸಿ, ಭೂತಗನ್ನಡಿಯಂಥ ಯಂತ್ರದಲ್ಲಿ ನೋಡಿ, ಒಂದು ಚೂರು ತೆಗೆದು ಕಳಿಸಿದರು. ಕ್ಯಾನ್ಸರ್ ಅಲ್ಲ, ಅದಕ್ಕೆ ಮುಂಚಿನ ಹಂತ ಎಂದರು. ಹಾಗೇ ಬಿಟ್ಟಿದ್ದರೆ ಅದೇ ಆಗಬಹುದಿತ್ತಂತೆ. ಅವತ್ತು ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ನಿಮ್ಮ ಅಣ್ಣಯ್ಯ ಶ್ರೀರಾಮಪ್ಪನವರು ಮಾವಿನ ಸುಗ್ಗಿಯಲ್ಲಿ ಮಂಡಿ ಬಿಟ್ಟು ಕದಲಿದ್ದನ್ನು ನೀನು ನೋಡಿದ್ದೀಯಾ? ಜೂನಿನಲ್ಲಿ ಆ ಭಾಗವನ್ನು ತೆಗೆದ ದಿನ, ವ್ಯಾಪಾರದವರ ಫೋನು ಒಂದರ ಹಿಂದೊಂದು ಬರುತ್ತಿದ್ದರೆ, ಆಫ್ ಮಾಡಿ ಜೇಬಿಗೆ ಹಾಕಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ನಿನ್ನ ಹಣ್ಣಿನ ಬುಟ್ಟಿ ಮರೆತುಹೋಗಿದ್ದು ಹಾಗೆ.

ಹೊರಡುವಾಗ ಇವರು ಡಾಕ್ಟರ ಮುಂದೆ ತಲೆ ತಗ್ಗಿಸಿಕೊಂಡು, “ಇದು ನನ್ನಿಂದ ಬಂತಾ ಮೇಡಂ?” ಎಂದರು. ಅವರು, “ಯಾರಿಂದ, ಯಾವಾಗ ಅಂತ ಯಾರೂ ಹೇಳೋಕಾಗಲ್ಲ ಯಜಮಾನ್ರೇ. ಎಷ್ಟೋ ಜನಕ್ಕೆ ಬರೋ ವೈರಸ್ಸು ಇದು. ಬಂದ ದಾರಿ ಹುಡುಕ್ಬೇಡಿ, ಬೇಗ ಸಿಕ್ಕಿದ್ದಕ್ಕೆ ಸಂತೋಷ ಪಡಿ” ಎಂದರು. ನಾನು ಫೆಬ್ರವರಿಯಲ್ಲಿ ಅಮರನಾಥನ ಹೆಸರೆತ್ತಿ ನಿನ್ನ ಮೇಲೆ ಹರಿಹಾಯ್ದಿದ್ದು ನೆನಪಾಗಿ ಅಲ್ಲಿಯೇ ಕುಗ್ಗಿಹೋದೆ.

ನಾನೂ ಲಸಿಕೆ ಹಾಕಿಸಿಕೊಳ್ಳಲೇ ಎಂದು ಕೇಳಿದೆ. ಐವತ್ತೆರಡರಲ್ಲಿ ನಿಮಗೆ ಅದು ಬೇಡ, ಹೇಳಿದ ದಿನಕ್ಕೆ ತಪ್ಪದೆ ಬಂದು ತೋರಿಸಿಕೊಳ್ಳಿ, ನಿಮ್ಮ ಕಾವಲು ಅದೇ ಎಂದರು. ಒಪ್ಪಿಕೊಂಡೆ. ತೆಗೆದ ಜಾಗದ ಅಂಚಿನಲ್ಲಿ ಏನೂ ಉಳಿದಿಲ್ಲವೆಂದು ಮೊನ್ನೆ ವರದಿ ಬಂತು. ಆಮೇಲೆಯೇ ನಿನಗೆ ಬರೆಯಬೇಕೆಂದು ಕಾದೆ.

ಮದುವೆಯ ವಿಷಯ ಈ ಕಾಗದದಲ್ಲಿ ಬೇಡ.

ಶೋಭಾರಾಣಿ

•

ನಂಗಲಿ
16 ಆಗಸ್ಟ್ 2025

ವದಿನ,

ನಿಮ್ಮನ್ನು ನೋಡಿಕೊಂಡು ಬಂದ ಮೇಲೆ ಮನಸ್ಸು ನಿಂತಿದೆ. ಕಾಗದ ಓದಿದ ಕೂಡಲೇ ಒಲೆ ಆರಿಸಿ ಬಸ್ಸು ಹತ್ತಿದವಳಿಗೆ, ಉಟ್ಟ ಸೀರೆಯ ತುಂಬ ಹಿಟ್ಟಿತ್ತು ಎಂಬುದು ನಿಮ್ಮ ಮನೆಯ ಕನ್ನಡಿಯಲ್ಲೇ ಗೊತ್ತಾಗಿದ್ದು. ನೀವು ಬಾಗಿಲಲ್ಲಿ ನಿಂತು, “ಏನೇ ಇದು ಅವತಾರ!” ಎಂದಿರಲ್ಲ, ಆ ದನಿ ಕೇಳಿ ಜೀವ ಬಂತು. ನಾನು ನಿಮ್ಮ ಮೌನವನ್ನು ಮುನಿಸೆಂದುಕೊಂಡು ಕೂತಿದ್ದೆ. ನೀವು ಅಲ್ಲಿ ಒಬ್ಬರೇ ಹೆದರುತ್ತಾ ಕೂತಿದ್ದಿರಿ.

ಮೂರು ದಿನ ಜೊತೆಗಿದ್ದೆವು. ನೀವೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೈ ಗಟ್ಟಿಯಾಗಲಿ ಎಂದು ಬಿಟ್ಟೆ. ಆದರೆ ತಾರೀಖು ತಿಳಿಸುವುದು ನನ್ನ ಧರ್ಮ. ನವೆಂಬರ್ ಇಪ್ಪತ್ತೇಳು, ಗುರುವಾರ.

ಎರಡನೇ ಲಸಿಕೆಯೂ ಆಯಿತು. ತೋಳು ಒಂದು ದಿನ ನೋಯಿತು, ದೋಸೆ ಹುಯ್ಯುವುದು ನಿಲ್ಲಲಿಲ್ಲ.

ಗಂಗಾಲಕ್ಷ್ಮಿ

•

ಶ್ರೀನಿವಾಸಪುರ
18 ನವೆಂಬರ್ 2025

ಪ್ರೀತಿಯ ಗಂಗಾ,

ಮೊದಲು ನನ್ನ ವಿಷಯ. ನಿನ್ನೆ ಮತ್ತೆ ತೋರಿಸಿಕೊಂಡು ಬಂದೆ. ಎಲ್ಲ ಸರಿಯಾಗಿದೆ. ಮುಂದಿನ ವರ್ಷ ಮತ್ತೆ ಹೋಗಬೇಕು.

ಹೋದ ಶನಿವಾರ ನಮ್ಮ ಶಾಲೆಯಲ್ಲಿ ತಾಯಂದಿರ ಸಭೆಯಿತ್ತು. ಹುಡುಗಿಯರ ಲಸಿಕೆಯ ವಿಷಯ ಮಾತಾಡಿದೆ. ರೇಷ್ಮೆ ಸಾಕುವ ಮುನಿಯಲ್ಲಮ್ಮ ಎಂಬಾಕೆ ಎದ್ದು, “ನಮಗೆ ಸೂಜಿ ಬ್ಯಾಡ್ವಾ ಟೀಚರೇ?” ಎಂದಳು. ಒಂದಿಬ್ಬರು ನಕ್ಕರು. ನಾನು ನಗು ನಿಲ್ಲುವವರೆಗೂ ಕಾದು ಹೇಳಿದೆ: “ನಿಮ್ಮ ವಯಸ್ಸಿಗೆ ಮೊದ್ಲು ಪರೀಕ್ಷೆ ಕಣಮ್ಮ. ಸೂಜಿ ಬೇಕಾ ಬೇಡ್ವಾ ಅಂತ ಆಮೇಲೆ ಡಾಕ್ಟ್ರ ಜೊತೆ ಕೂತು ಮಾತಾಡಿ. ನಮ್ಮ ಗಂಗಾ ಹಾಕಿಸ್ಕೊಂಡ್ಲು, ಅವಳಿಗೆ ಅದು ಸರಿ. ನನಗೆ ಬೇಡ ಅಂದ್ರು, ನನಗೆ ಅದು ಸರಿ. ಆದ್ರೆ ಪರೀಕ್ಷೆಗೆ ಹೋಗಿದ್ದಕ್ಕೆ ನಾನು ಇವತ್ತು ನಿಮ್ಮ ಮುಂದೆ ನಿಂತಿದೀನಿ.” ನನ್ನ ಕಥೆಯನ್ನು ಪೂರ್ತಿ ಹೇಳಿದೆ. ಬರುವ ವಾರ ಒಂದು ಟೆಂಪೋ ಮಾಡಿಕೊಂಡು ಅವರನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದೇನೆ.

ಈಗ ನಿನ್ನ ವಿಷಯ. ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ನೀನು ಮೂರನೇ ಲಸಿಕೆಗೆ ಕೋಲಾರಕ್ಕೆ ಹೋಗಿದ್ದ ದಿನ ನೋಡಿಕೊಂಡು ನಂಗಲಿಯಲ್ಲಿ ಇಳಿದೆ. ನೇರವಾಗಿ ವೇ ಬ್ರಿಡ್ಜಿಗೆ ಹೋದೆ. ಟೊಮೆಟೊ ತುಂಬಿದ ಲಾರಿಯೊಂದು ತೂಕಕ್ಕೆ ನಿಂತಿತ್ತು. ಆ ಮನುಷ್ಯ ನನ್ನನ್ನು ನೋಡಿದವನೇ ಕುರ್ಚಿ ಒರೆಸಿ ಹಾಕಿ, ತಾನು ನಿಂತೇ ಇದ್ದ.

“ನಾನು ಯಾರು ಗೊತ್ತಾ?” ಎಂದೆ.

“ಗೊತ್ತು. ಅಮರನಾಥಣ್ಣನ ಅಕ್ಕ.”

“ಕಾಯಿಲೆ ಮಾತನ್ನ ಮೊದ್ಲೇ ಯಾಕೆ ಹೇಳ್ದೆ? ಅವಳು ಎದ್ದು ಹೋಗಿದ್ರೆ?”

“ಹೋಗಿದ್ರೆ ಹೋಗ್ಲಿ ಅಂತಾನೇ ಹೇಳ್ದೆ ಮೇಡಂ. ನಮ್ಮ ಮುನಿಲಕ್ಷ್ಮಿಗೆ ಯಾರೂ ಏನೂ ಹೇಳಿರ್ಲಿಲ್ಲ. ಅವಳಿಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಇನ್ನೊಬ್ಬ ಹೆಂಗಸು ಗೊತ್ತಿಲ್ದೇ ಇರೋದು ಬೇಡ ಅನ್ನಿಸ್ತು.” ಕಣ್ಣು ಒರೆಸಿಕೊಂಡ. ಒರೆಸಿಕೊಂಡಿದ್ದನ್ನು ಬಚ್ಚಿಡಲೂ ಇಲ್ಲ. ಆಮೇಲೆ, “ಅಮರನಾಥಣ್ಣನ ಫೋಟೋ ಹೋಟ್ಲಲ್ಲಿ ಎಲ್ಲಿದೆಯೋ ಅಲ್ಲೇ ಇರುತ್ತೆ ಮೇಡಂ. ನಿಮಗೆ ಆ ಯೋಚನೆ ಬೇಡ” ಎಂದ. ನಾನು ಆ ಮಾತು ಕೇಳಿಯೇ ಇರಲಿಲ್ಲ ಗಂಗಾ. ಕೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದು ನಿಜ.

ಬಸ್ಸಿನಲ್ಲಿ ವಾಪಸು ಬರುವಾಗ ಮನಸ್ಸಿನಲ್ಲಿ ಯಾವ ಗಂಟೂ ಉಳಿದಿರಲಿಲ್ಲ.

ಇಪ್ಪತ್ತೇಳಕ್ಕೆ ನಾನೂ ನಿಮ್ಮ ಅಣ್ಣಯ್ಯನೂ ಬೆಳಿಗ್ಗೆಯೇ ಮುಳಬಾಗಿಲಿನಲ್ಲಿ ಇರುತ್ತೇವೆ. ಸೀರೆ ತೆಗೆದಿಟ್ಟಿದ್ದೇನೆ, ನೀನು ಹೊಸದು ಕೊಳ್ಳಬೇಡ. ರಿಜಿಸ್ಟ್ರಾರು ಹೆಣ್ಣಿನ ಕಡೆಯ ಸಾಕ್ಷಿ ಯಾರು ಎಂದರೆ ನನ್ನ ಹೆಸರು ಹೇಳು. ಹೆಣ್ಣಿಗೆ ಏನಾಗಬೇಕು ಎಂದು ಕೇಳಿದರೆ ನೀನು ತಡವರಿಸಬೇಡ, ಅಕ್ಕ ಎಂದು ನಾನೇ ಹೇಳುತ್ತೇನೆ.

ಶೋಭಾರಾಣಿ